ಎರಡನೆಯ ನಮಸ್ಕಾರ

“ಅಜ್ಜಾರ, ಒಬ್ಬ ಮನುಷ್ಯಾ ಎರಡು ಸಲ ನಮಸ್ಕಾರ ಮಾಡಿದರ ಯಾವುದು ಖರೇ, ಯಾವುದು ಸುಳ್ಳು?”

ಹೀಗೆ ಕೇಳಿದವನು ಅಡಿವೆಯ್ಯ, ಮಠದಲ್ಲಿದ್ದು ಓದಿದ ಶಿಷ್ಯ. ಅವನ ಪ್ರಶ್ನೆಗೆ ಕಾರಣವಿತ್ತು. ಅಂದು ಬೆಳಿಗ್ಗೆ ಚುನಾವಣೆಗೆ ನಿಂತ ಅಭ್ಯರ್ಥಿಯೊಬ್ಬ ಮಠಕ್ಕೆ ಬಂದಿದ್ದ. ಊರೆಲ್ಲ ಅಜ್ಜಾರು ಎಂದು ಕರೆಯುವ ಮಠದ ಗುರುಗಳ ಪಾದಕ್ಕೆ ಹಣೆ ಹಚ್ಚಿದ. ಜೊತೆಗೆ ಬಂದ ಪತ್ರಿಕೆಯ ಫೋಟೋಗ್ರಾಫರ್ ಆಗ ಇನ್ನೂ ಹೊರಗೆ ಚಪ್ಪಲಿ ಬಿಡುತ್ತಿದ್ದ. ಒಳಗೆ ಬಂದು, “ಸಾಹೇಬ್ರ, ಇನ್ನೊಮ್ಮೆ” ಎಂದ. ಅಭ್ಯರ್ಥಿ ಇನ್ನೊಮ್ಮೆ ಹಣೆ ಹಚ್ಚಿದ. ಈ ಸಲ ಸ್ವಲ್ಪ ಹೆಚ್ಚು ಹೊತ್ತು.

ಅದನ್ನು ಕಂಡು ಅಡಿವೆಯ್ಯನಿಗೆ ಮೈ ಉರಿದಿತ್ತು. ಮಧ್ಯಾಹ್ನದೊಳಗೆ ಅವನು ಪತ್ರಿಕೆಗೆ ಒಂದು ಪತ್ರ ಬರೆದಿದ್ದ. ನಾಳೆ ನೀವು ಅಚ್ಚು ಹಾಕುವ ಚಿತ್ರ ಎರಡನೆಯ ನಮಸ್ಕಾರದ್ದು, ಅದು ಬರೀ ನಾಟಕ, ಮಠ ಅದನ್ನು ಒಪ್ಪುವುದಿಲ್ಲ ಎಂದು ಅದರಲ್ಲಿತ್ತು. ಅಜ್ಜಾರ ಸಹಿಯೊಂದು ಬಾಕಿ. ಆ ಸಹಿ ಬಿದ್ದರೆ ಸುತ್ತಲಿನ ನಲವತ್ತು ಹಳ್ಳಿಗಳಲ್ಲಿ ಆ ಅಭ್ಯರ್ಥಿಯ ಕತೆ ಮುಗಿದ ಹಾಗೆ. ಅದು ಅಡಿವೆಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಅಜ್ಜಾರು ಪತ್ರ ಓದಿದರು. “ಅಕ್ಷರ ಚಂದ ಅದಾವ” ಎಂದರು. ಸಹಿ ಮಾಡಲಿಲ್ಲ. ಪೆನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅಂಥ ಕೆಟ್ಟವನಲ್ಲ, ಅಂಥ ಒಳ್ಳೆಯವನೂ ಅಲ್ಲ. ನಿನ್ನ ಹಾಗೆ, ನನ್ನ ಹಾಗೆ. ಅವನಿಗೆ ಚುನಾವಣೆಗೆ ನಿಲ್ಲುವ ಮನಸ್ಸಾಯಿತು. ನಿಂತ ಮೇಲೆ ಒಬ್ಬ ಫೋಟೋದವನನ್ನು ಜೊತೆಗೆ ಕಟ್ಟಿಕೊಂಡ. ವ್ಯಾಪಾರಿ ಬೀದಿ ಕಸ ಗುಡಿಸಿದರೆ ಒಂದು ಫೋಟೋ. ಮಗ್ಗದ ಮೇಲೆ ಕುಳಿತರೆ ಒಂದು ಫೋಟೋ. ಮಗ್ಗದ ಮೇಲೆ ಕುಳಿತು ಎರಡು ಎಳೆ ಹರಿದು ಬಂದ, ಅದು ಫೋಟೋದಲ್ಲಿ ಕಾಣಲಿಲ್ಲ.

ಆ ಊರಿನ ನೇಕಾರರ ಓಣಿಯಲ್ಲಿ ಒಬ್ಬ ಮುದುಕಿಯ ಒಬ್ಬನೇ ಮಗ ತೀರಿಕೊಂಡ. ಮುದುಕಿ ಅನ್ನ ನೀರು ಬಿಟ್ಟು ಗೋಡೆಗೆ ಒರಗಿ ಕುಳಿತಳು. ಸಾವಾದ ಮನೆಯಲ್ಲಿ ಹನ್ನೊಂದು ದಿನ ಒಲೆ ಹಚ್ಚುವುದಿಲ್ಲ. ಓಣಿಯವರು ಊಟ ತಂದು ಮುಂದಿಟ್ಟರು. ಅವಳು ಮುಟ್ಟಲಿಲ್ಲ. ಎರಡು ದಿನ ಕಳೆದವು. ಸುದ್ದಿ ವ್ಯಾಪಾರಿಯ ಕಡೆಯವರಿಗೆ ತಿಳಿಯಿತು.

ಮೂರನೆಯ ದಿನ ವ್ಯಾಪಾರಿ ಬಂದ. ನುಚ್ಚಿಗೆ ಮಜ್ಜಿಗೆ ಕಲಸಿದ ಬಟ್ಟಲು ಹಿಡಿದು ಅವಳ ಮುಂದೆ ಕುಳಿತು ಒಂದು ತುತ್ತು ಎತ್ತಿದ. ಮುದುಕಿ ಬಹಳ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದಳು. ಫೋಟೋದವನು ಇನ್ನೊಂದು ಬೇಕೆಂದ. ವ್ಯಾಪಾರಿ ಇನ್ನೊಂದು ತುತ್ತು ಕೊಟ್ಟ. ಬಟ್ಟಲನ್ನು ಪಕ್ಕದವರ ಕೈಗೆ ದಾಟಿಸಿ ಎದ್ದು ಹೋದ.

ಆ ಓಣಿಗೆ ಒಂದು ಕಟ್ಟಳೆ ಇತ್ತು, ವ್ಯಾಪಾರಿಗೆ ಅದು ತಿಳಿಯದು. ಮಗನನ್ನು ಕಳೆದುಕೊಂಡವರ ಬಾಯಿಗೆ ಮೊದಲ ತುತ್ತು ಇಟ್ಟವನು ಹನ್ನೊಂದನೆಯ ದಿನದವರೆಗೆ ತಪ್ಪದೆ ಬಂದು ತುತ್ತು ಕೊಡಬೇಕು. ಅಷ್ಟು ದಿನ ಅವನೇ ಆ ಮನೆಯ ಮಗ. ಅವನ ಕೈಯ ತುತ್ತಾದ ಮೇಲೆಯೇ ಆ ದಿನದ ಉಳಿದ ಊಟ. ಅದಕ್ಕೇ ಓಣಿಯವರು ತಾಟು ತಂದಿಟ್ಟಿದ್ದರೇ ಹೊರತು ಒಬ್ಬರೂ ತುತ್ತು ಎತ್ತಿರಲಿಲ್ಲ. ಒಬ್ಬನಿಗೆ ಮಗ್ಗದ ಕೆಲಸ, ಒಬ್ಬನಿಗೆ ಪರವೂರಿನ ಸಂತೆ, ಒಬ್ಬನಿಗೆ ಹೆಂಡತಿಯ ಭಯ. ಎಲ್ಲರೂ ಇನ್ನೊಬ್ಬರ ಕೈ ಏಳಲಿ ಎಂದು ಕಾಯುತ್ತಿದ್ದರು. ತಿಳಿದವರ ಕೈ ಏಳದ ಕಡೆ ತಿಳಿಯದವನ ಕೈ ಎದ್ದಿತ್ತು.

ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಅದೇ ಹೊತ್ತಿಗೆ ಓಣಿಯ ಹಿರಿಯನೊಬ್ಬ ವ್ಯಾಪಾರಿಯ ಚುನಾವಣಾ ಕಚೇರಿಗೆ ಬಂದು ನಿಂತ.

“ಆಕಿ ಕುಂತಾಳ್ರೀ. ನೀವ ಬರಬೇಕು” ಎಂದು ಕಟ್ಟಳೆ ತಿಳಿಸಿದ.

“ಇದು ನನಗ ಗೊತ್ತ ಇರಲಿಲ್ಲ” ಎಂದ ವ್ಯಾಪಾರಿ.

“ಆಕಿಗೆ ಗೊತ್ತೈತಿ” ಎಂದ ಹಿರಿಯ.

ವ್ಯಾಪಾರಿ ತನ್ನ ಆಳನ್ನು ಕಳಿಸಿದ. ಮುದುಕಿ ಮುಖ ತಿರುಗಿಸಿದಳು. ಕೊನೆಗೆ ಗೊಣಗುತ್ತ ತಾನೇ ಹೋದ. ಫೋಟೋದವನನ್ನೂ ಕರೆದೊಯ್ದ, ಹೋದದ್ದು ದಂಡವಾಗಬಾರದಲ್ಲ. ಆದರೆ ಪತ್ರಿಕೆಯವರು ಆ ಚಿತ್ರ ಹಾಕಲಿಲ್ಲ. ಒಮ್ಮೆ ಬಂದದ್ದೇ ಮತ್ತೆ ಯಾಕೆ ಎಂದರು.

ಐದನೆಯ ದಿನ ಬೇರೆ ಆಟ ಶುರುವಾಯಿತು. ಒಂದು ಟಿವಿ ಚಾನೆಲ್ಲಿನವರು ಆ ಮೊದಲ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದರು. ತುತ್ತು ಮುದುಕಿಯ ಬಾಯಿಯ ಹತ್ತಿರ ಇತ್ತು, ವ್ಯಾಪಾರಿಯ ಕಣ್ಣು ಕ್ಯಾಮೆರಾದ ಕಡೆ ಇತ್ತು. ಆ ಕಣ್ಣಿಗೆ ಒಂದು ಕೆಂಪು ಸುತ್ತು ಹಾಕಿ ದಿನವೆಲ್ಲ ತೋರಿಸಿದರು. ಅವರು ತೋರಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಊರು ನಕ್ಕಿತು. ಚಹಾದಂಗಡಿಯಲ್ಲಿ ಜನ ಒಬ್ಬರಿಗೊಬ್ಬರು ಬಜಿ ತಿನ್ನಿಸುತ್ತ ಕ್ಯಾಮೆರಾ ಇದ್ದಂತೆ ಮುಖ ಆ ಕಡೆ ತಿರುಗಿಸಿ ಹಲ್ಲು ಕಿರಿದರು.

ವ್ಯಾಪಾರಿಯ ಕಡೆಯವರು ಗಾಬರಿಯಾದರು. ಇನ್ನು ಆ ಓಣಿಯ ಕಡೆ ತಲೆ ಹಾಕಬೇಡಿ, ಹೋದಷ್ಟೂ ಜನರಿಗೆ ಆ ಚಿತ್ರ ನೆನಪಾಗುತ್ತದೆ, ಸೋಲುತ್ತೀರಿ ಎಂದರು. ಅವರ ಮಾತು ಸರಿಯಾಗಿತ್ತು. ವ್ಯಾಪಾರಿ ಅಂದು ಮಧ್ಯಾಹ್ನದವರೆಗೆ ಹೋಗಲಿಲ್ಲ.

ಮಧ್ಯಾಹ್ನ ಒಂದು ಸಭೆಯಲ್ಲಿ ಅವನು ಮೈಕ್ ಹಿಡಿದು, ನನ್ನನ್ನು ನಂಬಿ ಎಂದ. ಹಾಗೆ ಎನ್ನುವಾಗ ಅವನಿಗೆ ಮುದುಕಿಯ ತೆರೆದ ಬಾಯಿ ಕಣ್ಣಮುಂದೆ ಬಂತು. ತಿಂಗಳಿಂದ ಅವನು ಊರೂರು ಅಲೆದು ನಂಬಿ ನಂಬಿ ಎಂದು ಕೇಳುತ್ತಿದ್ದ. ನೆರೆದವರಲ್ಲಿ ಹಾಗೆ ಕಣ್ಣು ಮುಚ್ಚಿ ನಂಬಿದವರು ಯಾರೂ ಇರಲಿಲ್ಲ. ನಂಬಿದ್ದವಳು ಒಬ್ಬಳೇ, ಅವಳು ಬೆಳಗಿನಿಂದ ಉಪವಾಸ ಕುಳಿತಿದ್ದಳು. ಅವನಿಗೆ ಭಯವಾಯಿತು. ಸೋಲಿನ ಭಯವಲ್ಲ. ತಾನು ಇಷ್ಟು ದೊಡ್ಡದನ್ನು ಇಷ್ಟು ಹಗುರವಾಗಿ ಕೈಯಲ್ಲಿ ಹಿಡಿದೆನಲ್ಲ ಎಂಬ ಭಯ. ಮಾತು ಅಲ್ಲಿಗೇ ನಿಲ್ಲಿಸಿ ವೇದಿಕೆ ಇಳಿದ.

ಅಂದಿನಿಂದ ಅವನು ಒಬ್ಬನೇ ಹೋದ. ಓಣಿಯ ಬಾಯಲ್ಲಿ ಜನ ನಗುತ್ತಿದ್ದರು, ಅವರ ನಡುವೆಯೇ ದಾಟಿ ಹೋದ. ಆರನೆಯ ದಿನ ಹೋದ, ಏಳನೆಯ ದಿನ ಹೋದ. ಎಂಟನೆಯ ದಿನ ಮತದಾನ, ಅಂದೂ ಹೋದ. ಹತ್ತನೆಯ ದಿನ ಮತ ಎಣಿಸಿದರು. ವ್ಯಾಪಾರಿ ಸೋತಿದ್ದ. ನೇಕಾರರ ಓಣಿಯವರೇ ಅವನಿಗೆ ಎಲ್ಲರಿಗಿಂತ ಕಡಿಮೆ ಮತ ಹಾಕಿದ್ದರು. ಗೆದ್ದವನ ಪಟಾಕಿಯ ಸದ್ದಿನಲ್ಲಿ ಅವನು ಅಂದಿನ ತುತ್ತು ಕೊಟ್ಟು ಬಂದ.

ಹನ್ನೊಂದನೆಯ ದಿನ ಓಣಿಯ ಕೆಲವರು ಕೆಲಸ ಬಿಟ್ಟು ಹೊಸ್ತಿಲಲ್ಲಿ ಕುಳಿತಿದ್ದರು, ಉಳಿದವರು ಮಗ್ಗದ ಮೇಲಿಂದಲೇ ದಾರಿ ನೋಡುತ್ತಿದ್ದರು. ಸೋತ ಮೇಲೆ ಒಂದು ದಿನ ಬಂದ, ಎರಡನೆಯ ದಿನ ಬರುವನೇ ಎಂದು ಕೆಲವರು ಪಂಥ ಕಟ್ಟಿದ್ದರು. ವ್ಯಾಪಾರಿ ಬಂದ. ಹೆಗಲ ಮೇಲೆ ಪಕ್ಷದ ವಸ್ತ್ರವಿರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ. ಅವನು ಓಣಿಗೆ ಕಾಲಿಟ್ಟ ಕೂಡಲೇ ಒಂದೊಂದಾಗಿ ಮಗ್ಗಗಳ ಸದ್ದು ನಿಂತಿತು. ಕುಳಿತವರು ಎದ್ದು ನಿಂತರು. ಏಳಿ ಎಂದು ಯಾರೂ ಹೇಳಿರಲಿಲ್ಲ.

ಫೋಟೋದವನೂ ತಾನಾಗಿಯೇ ಬಂದಿದ್ದ. ಕ್ಯಾಮೆರಾ ಅವನ ಕೊರಳಲ್ಲೇ ಇತ್ತು. ಬಾಗಿಲ ಹೊರಗೆ ನಿಂತು ಎಲ್ಲವನ್ನೂ ನೋಡಿದ. ವ್ಯಾಪಾರಿ ಕೊನೆಯ ತುತ್ತು ಕೊಟ್ಟ. ಮುದುಕಿ ತಿಂದು, ಗೋಡೆ ಹಿಡಿದು ಎದ್ದು, ತಾನೇ ಒಲೆ ಹಚ್ಚಿದಳು. ಹಿಟ್ಟು ನಾದಿ ರೊಟ್ಟಿ ಬಡಿದಳು. ಮೊದಲ ರೊಟ್ಟಿಯಲ್ಲಿ ಒಂದು ಚೂರು ಮುರಿದು ವ್ಯಾಪಾರಿಯ ಬಾಯಿಗೆ ಇಟ್ಟಳು.

“ಯಾರ ಮಗನೋ ಯಪ್ಪಾ ನೀನು? ನಿನ್ನ ಹೆಸರೂ ಕೇಳಲಿಲ್ಲ ನಾ” ಎಂದಳು.

ಊರೆಲ್ಲ ಗೋಡೆಗೋಡೆಗೆ ಅವನ ಹೆಸರಿತ್ತು.  ವ್ಯಾಪಾರಿ ಅವಳ ಕಾಲ ಮೇಲೆ ಬಿದ್ದು ಅತ್ತ.

ಆ ಫೋಟೋದವನು ಮುಂದೊಮ್ಮೆ ಈ ಮಠಕ್ಕೆ ಬಂದಿದ್ದ. ಜೀವಮಾನದಲ್ಲಿ ಅಂಥ ಚಿತ್ರ ಇನ್ನೊಂದು ಸಿಗಲಿಕ್ಕಿಲ್ಲ, ಆದರೂ ಅಂದು ಕ್ಯಾಮೆರಾ ಎತ್ತಲು ಕೈಯೇ ಬರಲಿಲ್ಲ ಎಂದು ಹೇಳಿದ.  

ಅಜ್ಜಾರು ಕತೆ ನಿಲ್ಲಿಸಿದರು.  ಆದರೆ ಅಡಿವೆಯ್ಯ ಓದಿದವನು, ಪತ್ರವೂ ಇನ್ನೂ ಮುಂದೆಯೇ ಇತ್ತು.

“ಅಂದರ ಕಡೀ ದಿನದ ತುತ್ತು ಖರೇ, ಮೊದಲಿನದು ಸುಳ್ಳು. ನಾ ಬರದದ್ದೂ ಅದನ್ನ ಅಲ್ರೀ, ಅಜ್ಜಾರ?”

“ಆ ಸುಳ್ಳು ತುತ್ತು ಹೊಟ್ಟಿಗೆ ಹೋಗಿದ್ದಕ್ಕ ಮುದುಕಿ ಉಳದಳು” ಎಂದರು ಅಜ್ಜಾರು.

“ಹಂಗಾದರ ಇವತ್ತಿನ ಎರಡನೇ ನಮಸ್ಕಾರ? ಅದು ಏನು?” ಅಡಿವೆಯ್ಯ ಪತ್ರವನ್ನು ಇನ್ನಷ್ಟು ಮುಂದಕ್ಕೆ ಸರಿಸಿದ.

ಅಜ್ಜಾರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಶಿಷ್ಯನ ಕೈಗೇ ಕೊಟ್ಟರು.

“ಅವನದು ನನಗ ಗೊತ್ತಿಲ್ಲ, ಅಡಿವೆಯ್ಯಾ. ಆದರ ಅಂವ ಎರಡನೇ ಸಲ ಬಾಗೂಕಿಂತ ಮೊದಲ ನಾ ಕ್ಯಾಮೆರಾ ಕಂಡು ಶಲ್ಯ ಸರಿಮಾಡಿಕೊಂಡು ನೆಟ್ಟಗ ಕುಂತೆ.”