ಕಮ್ಮಾರನ ಹಿತ್ತಲ ಗೋಡೆ

"ನಿಮ್ಮ ಗುರುಗಳು ಜಪಕ್ಕೆ ಹಿಡಿದಿದ್ದ ಮಂತ್ರ ಯಾವುದು? ಅದೊಂದನ್ನು ಹೇಳಿ. ಇಲ್ಲವೆಂದರೆ ನಾಳೆ ಬೆಳಿಗ್ಗೆ ನಾನು ಹೊರಡುತ್ತೇನೆ," ಎಂದು ತಿಪ್ಪೇಶ ಮಠದ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅಷ್ಟರಲ್ಲಿ ಮೂರು ಮಂತ್ರ ಬದಲಿಸಿದ್ದ. ಜಪಮಾಲೆ ಎಷ್ಟು ಬದಲಿಸಿದನೋ ಅವನಿಗೇ ಮರೆತುಹೋಗಿತ್ತು. ಕೊನೆಯದನ್ನು ನೇಪಾಳದಿಂದ ತರಿಸಿಕೊಂಡಿದ್ದ. ಹಿರಿಯ ಗುರುಗಳು ಬೆಳಿಗ್ಗೆ ಕೂತರೆ ಸಂಜೆಯವರೆಗೆ ಅವರ ಮನಸ್ಸಿನಲ್ಲಿ ಬೇರೊಂದು ಯೋಚನೆ ಸುಳಿಯುತ್ತಿರಲಿಲ್ಲ ಎಂದು ಮಠದಲ್ಲಿ ಎಲ್ಲರೂ ಹೇಳುತ್ತಿದ್ದರು. ಅವರು ತೀರಿಕೊಂಡು ಮೂವತ್ತು ವರ್ಷ. ಅವರನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಈಗಿನ ಗುರುಗಳೊಬ್ಬರೇ. ಆ ಮಾತಿಗೆ ಅವರು ಹೌದು ಎಂದವರಲ್ಲ, ಅಲ್ಲ ಎಂದವರೂ ಅಲ್ಲ. ತಿಪ್ಪೇಶನ ಮನಸ್ಸಾದರೋ ಹಾಲು ಉಕ್ಕುವಷ್ಟು ಹೊತ್ತೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಇದು ತನ್ನಂಥವನಿಗಲ್ಲ ಎಂದು ಅವನು ಒಳಗೊಳಗೇ ಅಳುತ್ತಿದ್ದ.

ಗುರುಗಳು ಅವನ ಕೈಯಲ್ಲಿದ್ದ ಮಾಲೆಯನ್ನು ನೋಡಿದರು. ಕೂತುಕೋ, ಹೊರಡುವವನಿಗೆ ಬುತ್ತಿಯನ್ನಾದರೂ ಕಟ್ಟಿಕೊಡಬೇಕಲ್ಲ ಎಂದು ಹೇಳಿ ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಕಮ್ಮಾರನಿದ್ದ. ಕೆಲಸದಲ್ಲಿ ಗಟ್ಟಿಗ. ಅವನು ಹದ ಹಾಕಿದ ಕುಡುಗೋಲು ಮೂರು ಸುಗ್ಗಿ ಬಾಳುತ್ತಿತ್ತು. ಅವನಿಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ತೀರಿಹೋಗಿದ್ದ. ಅಪ್ಪನ ಮುಖ ನೆನಪಿಲ್ಲ, ದನಿ ನೆನಪಿಲ್ಲ. ಉಳಿದದ್ದು ಎರಡೇ ವಸ್ತು. ಒಂದು ಏರ್‌ಗನ್, ಗುಜರಿಯಲ್ಲಿ ಸಿಕ್ಕಿದ್ದನ್ನು ಅಪ್ಪನೇ ಸ್ಪ್ರಿಂಗ್ ಹಾಕಿ ಸರಿಮಾಡಿದ್ದ. ಇನ್ನೊಂದು, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದ ಅಂಗೈಯಗಲದ ರಟ್ಟು. ಅದರ ಮೇಲೆ ಮಸಿಯಲ್ಲಿ ಬರೆದ ಸಣ್ಣ ಬಟ್ಟಲಿನಷ್ಟು ಸುತ್ತು, ಸುತ್ತಿನ ನಟ್ಟನಡುವೆ ಒಂದು ತೂತು. ಕೆಳಗೆ ಅಪ್ಪನ ಕೈಬರಹ: 'ಆಯುಧಪೂಜೆ. ಗುಂಡು ಐದು.'

ಗುಂಡು ಐದು, ತೂತು ಒಂದು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. ಐದು ಗುಂಡನ್ನೂ ಒಂದೇ ತೂತಿನಲ್ಲಿ ತೂರಿಸಿದ ಪುಣ್ಯಾತ್ಮ ಎಂದು ಸತ್ತ ಮೇಲೆ ಅಪ್ಪ ಹತ್ತೂರಿಗೆ ಹೆಸರಾದ. ಮಗ ಆ ಮಾತು ಕೇಳುತ್ತಲೇ ಬೆಳೆದ. ತಾನೂ ಒಂದು ಸಲ ಹಾಗೆ ಹೊಡೆದು, ತನ್ನ ರಟ್ಟನ್ನು ಅಪ್ಪನ ರಟ್ಟಿನ ಪಕ್ಕ ತೂಗುಹಾಕಬೇಕು. ಅವನಿಗಿದ್ದ ಆಸೆ ಅದೊಂದೇ. ಅಪ್ಪನ ಹತ್ತಿರ ಹೋಗಿ ನಿಲ್ಲಲು ಬೇರೆ ದಾರಿ ಅವನಿಗೆ ಕಾಣಲಿಲ್ಲ ಕಣಯ್ಯ.

ಅಪ್ಪ ಯಾವ ಗುಂಡು ಬಳಸುತ್ತಿದ್ದ ಎಂದು ಯಾರಿಗೂ ಗೊತ್ತಿರಲಿಲ್ಲ. ಕಮ್ಮಾರ ಪೇಟೆಯ ಒಬ್ಬ ವ್ಯಾಪಾರಿಯ ಬಳಿ ಹೋದ. ವ್ಯಾಪಾರಿ ನ್ಯಾಯಸ್ಥ. ಮೂರು ಡಬ್ಬಿ ಬಿಚ್ಚಿದ. ಒಂದರಲ್ಲಿ ಚಪ್ಪಟೆ ತಲೆಯ ಗುಂಡು, ಇನ್ನೊಂದರಲ್ಲಿ ದುಂಡು ತಲೆಯದು, ಮತ್ತೊಂದರಲ್ಲಿ ಚೂಪು ತಲೆಯದು. ಒಂದೊಂದರಲ್ಲೂ ಹದಿನೈದು ತೆಗೆದು ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿಕೊಟ್ಟ. ಮೊದಲ ಹತ್ತು ಗುಂಡು ಕೋವಿಯ ನಳಿಗೆಗೆ ರುಚಿ ಹತ್ತಿ ಒಗ್ಗಲಿಕ್ಕೆ, ಉಳಿದ ಐದು ನೀನು ನೋಡಲಿಕ್ಕೆ. ಯಾವುದು ಒತ್ತೊತ್ತಾಗಿ ಬೀಳುತ್ತದೋ ಅದನ್ನೇ ತಗೋ, ಸುಮ್ಮನೆ ದುಡ್ಡು ಹಾಳುಮಾಡಬೇಡ ಎಂದು ತಿಳಿಹೇಳಿದ.

"ದುಬಾರಿ ಗುಂಡು ಒಳ್ಳೆಯ ಗುಂಡಲ್ಲಪ್ಪ. ನಿನ್ನ ನಳಿಗೆಗೆ ಒಪ್ಪಿದ್ದು ಒಳ್ಳೆಯ ಗುಂಡು," ಎಂದ.

ಕಮ್ಮಾರ ಅಂಗಳದಲ್ಲಿ ಮರಳಿನ ಚೀಲ ನಿಲ್ಲಿಸಿ, ಅದಕ್ಕೆ ರಟ್ಟು ಚುಚ್ಚಿ ಹೊಡೆದ. ಹಿತ್ತಲ ಗೋಡೆಯ ಕಡೆ ಮಾತ್ರ ತಾಯಿ ಅವನನ್ನು ಬಿಡುತ್ತಿರಲಿಲ್ಲ, ಮಣ್ಣಿನ ಗೋಡೆ ಹಾಳಾಗುತ್ತದೆ ಎನ್ನುತ್ತಿದ್ದಳು. ಮೂರರಲ್ಲಿ ಎಲ್ಲಕ್ಕಿಂತ ಅಗ್ಗದ್ದು ಚಪ್ಪಟೆ ತಲೆಯದು. ಅದರ ಐದರಲ್ಲಿ ನಾಲ್ಕು ಗುಂಡು ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಅಡಗುವಷ್ಟು ಹತ್ತಿರ ಬಿದ್ದವು. ಬೇರೆ ಯಾರಾದರೂ ಆಗಿದ್ದರೆ ಊರಿಗೆಲ್ಲ ಬೆಲ್ಲ ಹಂಚುತ್ತಿದ್ದರು. ಇವನು ಒಂದೇ ತೂತಾಗಲಿಲ್ಲ ಎಂದು ರಟ್ಟನ್ನು ಕುಲುಮೆಯ ಬೆಂಕಿಗೆ ಹಾಕಿದ.

ಅಲ್ಲಿಂದ ಶುರುವಾಯಿತು ನೋಡು. ಬೇರೆ ಡಬ್ಬಿ ತಂದ. ಅದಕ್ಕಿಂತ ದುಬಾರಿಯದು ತಂದ. ಜರ್ಮನಿಯದು ಅಂದರು, ಅದನ್ನೂ ತರಿಸಿದ. ಅಕ್ಕಸಾಲಿಯ ತಕ್ಕಡಿ ಇಸಿದುಕೊಂಡು ಬಂದು ಗುಂಡುಗಳನ್ನು ಒಂದೊಂದಾಗಿ ತೂಗಿದ. ಐದು ಹೊಡೆಯುವುದು, ರಟ್ಟು ನೋಡುವುದು, ಮುಖ ಸಿಂಡರಿಸಿ ಡಬ್ಬಿ ಬದಲಿಸುವುದು. ನಳಿಗೆಗೆ ಯಾವ ಗುಂಡಿನ ರುಚಿಯೂ ಹತ್ತಲು ಬಿಡಲಿಲ್ಲ. ಏಳು ವರ್ಷ ಹೀಗೇ ಕಳೆಯಿತು. ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ತಾಯಿಯ ಕನ್ನಡಕದ ಒಂದು ಗಾಜು ಒಡೆದು ಎರಡು ವರ್ಷವಾಗಿತ್ತು, ಅವಳು ಒಂದೇ ಕಣ್ಣಿನಲ್ಲಿ ಅಕ್ಕಿ ಆರಿಸುತ್ತಿದ್ದಳು. ಸಾಕು ಮಾರಾಯ ಎಂದು ವ್ಯಾಪಾರಿಯೇ ಕೈಮುಗಿದ. ಮಾರುವವನೇ ಬೇಡ ಎಂದರೂ ಕೊಳ್ಳುವವನು ಬಿಡಲಿಲ್ಲ, ಎಂಥ ಹುಚ್ಚಿರಬೇಕು.

ಕೊನೆಗೆ ಕೊಳ್ಳಲು ಗುಂಡೇ ಉಳಿಯಲಿಲ್ಲ. ಆಗ, ತಪ್ಪು ಕೋವಿಯದ್ದು ಎಂದುಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ಕುಣಿಯಲು ಚೆನ್ನಾಗಿಯೇ ಬರುತ್ತಿತ್ತು, ಆದರೂ ನೆಲ ಡೊಂಕು ಎಂದ. ದೊಡ್ಡ ಪೇಟೆಯಲ್ಲಿ ಹಳೆಯ ಕೋವಿ ಇಟ್ಟುಕೊಂಡು, ಮೇಲಷ್ಟು ದುಡ್ಡಿಗೆ ಹೊಸದು ಕೊಡುತ್ತಾರೆ ಎಂದು ಯಾರೋ ಹೇಳಿದರು. ಒಂದು ಬೆಳಿಗ್ಗೆ ಅಪ್ಪನ ಏರ್‌ಗನ್ನನ್ನು ಗೋಣಿತಾಟಿನಲ್ಲಿ ಸುತ್ತತೊಡಗಿದ. ಅರ್ಧ ಸುತ್ತಿದ್ದನ್ನು ಒಮ್ಮೆ ಬಿಚ್ಚಿ ನೋಡಿದ. ಆದರೂ ಬಿಡಲಿಲ್ಲ. ಅಪ್ಪನಂತಾಗಲು ಅಪ್ಪನ ಕೋವಿಯನ್ನೇ ಕೊಟ್ಟುಬಿಡಲು ಹೊರಟಿದ್ದ.

ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ಮೂಲೆಯಲ್ಲಿದ್ದ ಕುಡುಗೋಲು ತೆಗೆದುಕೊಂಡು ಹಿತ್ತಲಿಗೆ ನಡೆದಳು. ಏನಿದು ಎಂದು ಮಗನೂ ಹಿಂದೆಯೇ ಹೋದ. ಅವಳು ಕೈಯಿಂದ ಗೋಡೆಯನ್ನು ಸವರಿ ಸವರಿ ಒಂದು ಕಡೆ ಕುಡುಗೋಲಿನ ತುದಿ ಇಟ್ಟು ಕೆದಕಿದಳು. ಒಣಗಿದ ಕೆಮ್ಮಣ್ಣಿನ ಉಂಡೆಯೊಂದು ಕಳಚಿಬಿತ್ತು. ಒಳಗೆ ಒಂದು ಕುಳಿ. ಒಂದು ಗೇಣು ಆಚೆ ಇನ್ನೊಂದು. ಮೊಣಕಾಲಿನ ಎತ್ತರದಲ್ಲಿ ಮೂರನೆಯದು. ನಾಲ್ಕನೆಯದು ಸೂರಿನ ಹತ್ತಿರ. ಅದು ಅವಳಿಗೆ ಎಟುಕಲಿಲ್ಲ, ಬೆರಳು ಮಾಡಿ ತೋರಿಸಿದಳು.

"ಆವತ್ತು ನಿಮ್ಮಪ್ಪ ಹೊಡೆದದ್ದು ಐದು, ರಟ್ಟಿಗೆ ಬಿದ್ದದ್ದು ಒಂದು," ಎಂದಳು. "ಒಂದಾದರೂ ಬಿತ್ತಲ್ಲೇ ಅಂತ ರಟ್ಟು ಹಿಡಿದುಕೊಂಡು ಮನೆ ತುಂಬ ಕುಣಿದ. ಸಂಜೆವರೆಗೂ ನಕ್ಕ. ಆ ತಿಂಗಳೇ ಹೋಗಿಬಿಟ್ಟ. ಮಾತಾಡಿಸಲು ಬಂದ ಜನ ರಟ್ಟು ನೋಡಿ ಏನೇನೋ ಅಂದರು. ಹೋದವನಿಗೆ ಅಷ್ಟಾದರೂ ಇರಲಿ ಅಂತ ನಾನೇ ಗೋಡೆಗೆ ಮಣ್ಣು ಮೆತ್ತಿದೆ."

ಕಮ್ಮಾರ ಚಾಕುವಿನ ಮೊನೆಯಿಂದ ಕುಳಿಗಳನ್ನು ಬಗೆದ. ನಾಲ್ಕು ಸೀಸದ ಗುಂಡು ಕೈಗೆ ಬಂದವು. ಚಪ್ಪಟೆ ತಲೆಯವು, ಎಲ್ಲಕ್ಕಿಂತ ಅಗ್ಗದವು. ವ್ಯಾಪಾರಿ ಮೊದಲ ದಿನ ಪೊಟ್ಟಣ ಕಟ್ಟಿಕೊಟ್ಟವೇ. ಏಳು ವರ್ಷದಲ್ಲಿ ತಾನು ಎಷ್ಟು ರಟ್ಟು ಕುಲುಮೆಗೆ ಹಾಕಿದೆ ಎಂದು ನೆನೆಯಲು ನೋಡಿದ. ಅವುಗಳಲ್ಲಿ ಅಪ್ಪನದಕ್ಕಿಂತ ಕಡಿಮೆಯದು ಒಂದೂ ಇರಲಿಲ್ಲ.

ಅವನಿಗೆ ಸಿಟ್ಟು ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ನಾಲ್ಕು ಗುಂಡನ್ನೂ ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. ಒಂದೇ ಮಾತು ಕೇಳಿದ.

"ಹೇಗೆ ನಗುತ್ತಿದ್ದ, ಅವ್ವ?"

ಅವಳು ನಕ್ಕು ತೋರಿಸಲು ಹೋದಳು. ಆಗಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಕೋವಿ ಏನಾಯಿತು ಎಂದು ತಿಪ್ಪೇಶ ಕೇಳಿದ. ಕೋವಿ ಮನೆಯಲ್ಲೇ ಉಳಿಯಿತು, ದೊಡ್ಡ ಪೇಟೆಗೆಂದು ಇಟ್ಟಿದ್ದ ದುಡ್ಡಿನಲ್ಲಿ ತಾಯಿಗೆ ಕನ್ನಡಕ ಬಂತು, ಚಪ್ಪಟೆ ತಲೆಯ ಒಂದು ಡಬ್ಬಿ ಗುಂಡೂ ಬಂತು ಎಂದರು ಗುರುಗಳು. ಆ ವರ್ಷದ ಆಯುಧಪೂಜೆಗೆ ಕಮ್ಮಾರ ಹೊಡೆದ ಐದರಲ್ಲಿ ಮೂರು ಸುತ್ತಿನೊಳಗೆ ಬಿದ್ದವಂತೆ. ಆ ರಟ್ಟು ಕುಲುಮೆಗೆ ಹೋಗಲಿಲ್ಲ.

ತಿಪ್ಪೇಶ ಮಾಲೆಯ ಮಣಿಗಳನ್ನು ಸರಿಸುತ್ತ ಕೂತಿದ್ದ. ಸ್ವಲ್ಪ ಹೊತ್ತಿಗೆ ಅವನ ಬೆರಳು ನಿಂತಿತು. ಅವನು ತಲೆಯೆತ್ತಿ ಗೋಡೆಯ ಮೇಲಿದ್ದ ಹಿರಿಯ ಗುರುಗಳ ಪಟವನ್ನು ನೋಡಿದ, ಆಮೇಲೆ ಎದುರಿಗಿದ್ದ ಗುರುಗಳನ್ನು ನೋಡಿದ. "ಹಾಗಾದರೆ ಹಿರಿಯ ಗುರುಗಳ ಮನಸ್ಸೂ..." ಎಂದ.

ಗುರುಗಳೂ ಆ ಪಟವನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು.

"ನಮ್ಮ ಗುರುಗಳ ಗೋಡೆಗೆ ಮಣ್ಣು ಮೆತ್ತಿದವನು ನಾನೇ ಕಣಯ್ಯ."