ಹಲ್ಲು ಕಿರಿದ ಕುಂಬಳಕಾಯಿ

ಹ್ಯಾಲೋವೀನ್ ಅಲಂಕಾರಕ್ಕೆಂದು ಮಕ್ಕಳು ಕಣ್ಣು, ಹಲ್ಲು ಕೊರೆದು ಗೇಟಿನ ಕಂಬದ ಮೇಲೆ ಕೂರಿಸಿದ್ದ ಕುಂಬಳಕಾಯಿಗೆ ಜಂಬವೋ ಜಂಬ. ದೃಷ್ಟಿಯಾಗದಿರಲೆಂದು ಅದೇ ಗೇಟಿಗೆ ಕಟ್ಟಿದ್ದ ಹಳೇ ಚಪ್ಪಲಿಗೆ ಹೇಳಿತು: "ನಿನ್ನೆ ವಾಕಿಂಗ್ ಬಂದಿದ್ದ ಆನೆಯೊಂದು ನನ್ನನ್ನು ನೋಡಿ ಮೂರ್ಛೆ ಹೋಯಿತು, ಗೊತ್ತೇ?"

"ಇರಬಹುದು ಮಹಾರಾಯ," ಎಂದಿತು ಚಪ್ಪಲಿ.

ಅಷ್ಟರಲ್ಲಿ ಮನೆಯ ಅಜ್ಜಿ ಭಾಗೀರಥಮ್ಮ ಕುಂಕುಮ ಹಿಡಿದು ಬಂದರು. "ಹೊಸ ಕಾರಿಗೆ ಒಡೆಯಲು ಬೂದುಗುಂಬಳ ಸಿಗಲಿಲ್ಲ. ಇದೇ ಆದೀತು," ಎಂದು ಕುಂಬಳವನ್ನು ಎತ್ತಿಯೇಬಿಟ್ಟರು.

"ಅಯ್ಯೋ ಅಜ್ಜೀ, ಒಡೀಬೇಡಿ! ನನ್ನೊಳಗೆ ಏನೂ ಇಲ್ಲ, ನಾನು ಬರೀ ಟೊಳ್ಳು!"

ಅಜ್ಜಿ ಒಳಗೆ ಇಣುಕಿದರು. "ಥತ್, ತಿರುಳಿಲ್ಲದ ಕಾಯಿ ದೃಷ್ಟಿ ತೆಗೆದೀತೇ!" ಎಂದು ಮತ್ತೆ ಕಂಬದ ಮೇಲಿಟ್ಟು ಹೋದರು.

ಕುಂಬಳ ಉಸ್ಸೆಂದು ಉಸಿರುಬಿಟ್ಟಿತು. "ನೋಡಿದೆಯಾ? ನನ್ನ ಹಲ್ಲು ಕಂಡು ಅಜ್ಜಿ ಹೇಗೆ ಓಡಿದರು!"

"ನೋಡಿದೆನಪ್ಪಾ," ಎಂದಿತು ಚಪ್ಪಲಿ. "ಆನೆಯೂ ಹೀಗೇ ಮೂರ್ಛೆ ಹೋಗಿರಬೇಕು."