ಮಗ್ಗ ಮುಚ್ಚಿದ ಮನೆಯ ಕೂಸು

ಪೂಜ್ಯ ಮರುಳಯ್ಯ ಅಜ್ಜನವರ ಮಠವೆಂದರೆ ಸೀರೆ ನೇಯುವ ಹಟಗಾರರ ಓಣಿಯಲ್ಲಿ, ನೂಲಿಗೆ ಬಣ್ಣ ಹಾಕುವ ಮನೆಯ ಬೆನ್ನಿಗೆ ಅಂಟಿಕೊಂಡಿದ್ದ ಒಂದೇ ಒಂದು ಕೋಣೆ. ಮುಂದೆ ಕಟ್ಟೆ, ಒಳಗೆ ಒಂದು ಕಂಬಳಿ, ನೀರಿನ ಕೊಡ. ಪಲ್ಲಕ್ಕಿ, ಸಿಂಹಾಸನ ಇರುವ ಮಠವನ್ನು ಹುಡುಕಿಕೊಂಡು ಬಂದ ಪರವೂರಿನವರು ಓಣಿಯ ತುದಿಯವರೆಗೂ ಹೋಗಿ, ಯಾರನ್ನಾದರೂ ಕೇಳಿ, ನಾಚಿಕೊಂಡು ಹಿಂದಕ್ಕೆ ಬರುತ್ತಿದ್ದರು. ನೇಕಾರರು ಬಿಡಿಸಲಾಗದೆ ಎಸೆಯಬೇಕೆಂದಿದ್ದ ಸಿಕ್ಕುನೂಲನ್ನು ಅಜ್ಜನವರು ಕೇಳಿ ಪಡೆದು, ಕಟ್ಟೆಯ ಮೇಲೆ ಕುಳಿತು ದಿನವಿಡೀ ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ತಾಯಿತ ಕೊಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಮಂತ್ರಿಸಿದ ದಾರ ಬೇಕೆಂದು ಹಟ ಹಿಡಿದವರ ಕೈಗೆ ಬಿಡಿಸಿದ ನೂಲಿನ ಲಡಿಯನ್ನೇ ಇಟ್ಟು, "ಇದನ್ನ ನೇಯಿ ಹೋಗು" ಎಂದು ಕಳಿಸುತ್ತಿದ್ದರು. ಇದರಿಂದ ಮಠದ ಆದಾಯಕ್ಕೆ ಏನೂ ಒಳ್ಳೆಯದಾಗಲಿಲ್ಲ.

ಅದೇ ಓಣಿಯಲ್ಲಿ ದಾನವ್ವ ಎಂಬ ಹಿರಿಯ ಹೆಣ್ಣುಮಗಳಿದ್ದಳು. ಮಕ್ಕಳನ್ನು ಹೆತ್ತು ಸಾಕಿದ ಗಟ್ಟಿಗಿತ್ತಿ. ಅಜ್ಜನವರನ್ನು ಕಂಡರೆ ಕೈ ಮುಗಿಯುತ್ತಿದ್ದಳು, ಆದರೆ ಸಂಸಾರದ ಮಾತು ಬಂದಾಗ, "ಹೆಂಡ್ರಿಲ್ಲ, ಮಕ್ಕಳಿಲ್ಲ, ಆ ಅಜ್ಜಗೇನ್ ತಿಳೀತೈತಿ" ಎನ್ನಲು ಹಿಂದೆ ಮುಂದೆ ನೋಡುತ್ತಿರಲಿಲ್ಲ. ಅವಳ ಮಗ ರಾಚಪ್ಪ ಸೀರೆ ನೇಯುತ್ತಿದ್ದ. ಸೊಸೆ ನಿಂಬೆವ್ವ ಮದುವೆಯಾಗಿ ಬಂದ ಮರುವಾರದಿಂದಲೇ ಮಗ್ಗದ ಪಕ್ಕ ರಾಟಿ ಹಾಕಿಕೊಂಡು ಕೂತು, ಗಂಡನ ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಬಸುರಿಯಾದ ಮೇಲೂ ಆ ಕೆಲಸ ನಿಲ್ಲಲಿಲ್ಲ. ಹೆರಿಗೆನೋವು ಕಾಣಿಸಿಕೊಂಡಾಗಲೂ ಅವಳ ಕೈಯಲ್ಲಿ ಅರ್ಧ ಸುತ್ತಿದ ಕಂಡಿಕೆಯಿತ್ತು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಗಂಡು ಮಗು.

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಚೊಚ್ಚಲ ಕೂಸು ಹುಟ್ಟಿದರೆ ಒಂದೂವರೆ ತಿಂಗಳು ಮಗ್ಗ ಮುಟ್ಟುವಂತಿಲ್ಲ. ಸಪ್ಪಳಕ್ಕೆ ಎಳೆಗೂಸು ಬೆಚ್ಚುತ್ತದೆ ಎಂದು ಮಗ್ಗಕ್ಕೆ ಕೌದಿ ಹೊದಿಸಿ, ಅದೇ ಕೋಣೆಯಲ್ಲಿ ತೊಟ್ಟಿಲು ಕಟ್ಟುತ್ತಿದ್ದರು. ಎರಡನೆಯ ಕೂಸಿನಿಂದ ಈ ಕಟ್ಟು ಇಲ್ಲ; ಎಷ್ಟಂತ ಕೈ ಕಟ್ಟಿ ಕೂರಲು ಆದೀತು? ದಾನವ್ವ ಪದ್ಧತಿಯನ್ನು ಚಾಚೂ ತಪ್ಪದೆ ನಡೆಸಿದಳು. ಬಾಣಂತಿಗೆ ಥಂಡಿಗಾಳಿ ತಾಗಬಾರದೆಂದು ಕಿಟಕಿ ಬಾಗಿಲುಗಳ ಸಂದಿಗೂ ಬಟ್ಟೆ ತುರುಕಿದಳು. ಓಣಿಯ ಸದ್ದೂ ಒಳಗೆ ಬಾರದೆ ಮನೆ ಗಪ್ಪಾಯಿತು. ಕೂಸು ಮಾತ್ರ ಗಪ್ಪಾಗಲಿಲ್ಲ.

ಅದು ಅತ್ತಿತು. ಹಾಲು ಕುಡಿದು ಅತ್ತಿತು, ಕುಡಿಯದೆ ಅತ್ತಿತು. ಬಜೆ ತೇದು ನೆಕ್ಕಿಸಿದರು, ಹೊಟ್ಟೆಗೆ ಹರಳೆಣ್ಣೆ ಸವರಿದರು, ದೃಷ್ಟಿ ತೆಗೆದರು. ರಾಚಪ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ತುಂಬ ತಿರುಗಿದ. ಇಪ್ಪತ್ತೇಳು ದಿನಗಳಲ್ಲಿ ನಿಂಬೆವ್ವ ಸೊರಗಿ ಕಡ್ಡಿಯಾದಳು. ಕೊನೆಗೆ ದಾನವ್ವ ತೀರ್ಪು ಕೊಟ್ಟಳು: ತಾಯಿಯ ಕೈಗುಣ ಸರಿಯಿಲ್ಲ, ಈ ಕೈಯಲ್ಲಿ ಕೂಸು ಬದುಕುವುದಿಲ್ಲ. ಮಕ್ಕಳಿಲ್ಲದ ಹಿರಿಯ ಮಗಳು ಕಾಶವ್ವ ಸೋಮವಾರ ಚಕ್ಕಡಿ ಕಟ್ಟಿಸಿಕೊಂಡು ಬಂದು ಕೂಸನ್ನು ತನ್ನೂರಿಗೆ ಒಯ್ಯುವುದೆಂದು ನಿಶ್ಚಯವಾಯಿತು. ರಾಚಪ್ಪ ಎದುರಾಡಲಿಲ್ಲ. ನಿಂಬೆವ್ವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಒಪ್ಪುತ್ತಿದ್ದಳೇನೋ, ಏಕೆಂದರೆ ಕೂಸು ತನ್ನನ್ನು ಒಲ್ಲೆ ಎಂದೇ ಅಳುತ್ತಿದೆ ಎಂದು ಅಷ್ಟರಲ್ಲಿ ಅವಳೂ ನಂಬಿದ್ದಳು.

ಕೂಸು ಬೇರೆ ಮಡಿಲಿಗೆ ಹೋಗುವ ಮುನ್ನ ಗುರುಗಳ ಪಾದಕ್ಕೆ ಮುಟ್ಟಿಸಿ ಅಪ್ಪಣೆ ಪಡೆಯಬೇಕು. ಹಾಗಾಗಿ ಭಾನುವಾರ ಮುಂಜಾನೆ ಮೂವರೂ ಮಠಕ್ಕೆ ಬಂದರು. ಕೂಸನ್ನು ಸೊಸೆಯ ಕೈಗೆ ಕೊಡದೆ ದಾನವ್ವನೇ ಎತ್ತಿಕೊಂಡಿದ್ದಳು. ಅಜ್ಜನವರು ಕಟ್ಟೆಯ ಮೇಲೆ ಹಸಿರು ನೂಲಿನ ಸಿಕ್ಕು ಬಿಡಿಸುತ್ತಿದ್ದರು. ಎಡಕ್ಕೂ ಬಲಕ್ಕೂ ಎದುರಿಗೂ ಮನೆಮನೆಯ ಮಗ್ಗಗಳು ಖಟಕ್ ಖಟಕ್ ಎಂದು ನಡೆದಿದ್ದವು.

ದಾನವ್ವ ನಮಸ್ಕರಿಸಿ ಎಲ್ಲವನ್ನೂ ಒಪ್ಪಿಸಿ, ಸೆರಗು ಸರಿಸಿ ಕೂಸನ್ನು ತೋರಿಸಿದಳು. ಅದು ಬಾಯಿ ತುಸು ತೆರೆದು ಸುಖವಾಗಿ ನಿದ್ರಿಸುತ್ತಿತ್ತು.

"ನೋಡ್ರಿ ಯಪ್ಪಾರ, ನನ್ನ ಕೈಯಾಗ ಹ್ಯಾಂಗ ಮಲಗೇತಿ! ನಾ ಹೇಳಿದ್ದು ಖರೇ ಐತೊ ಇಲ್ಲೊ?"

ಮನೆಯಲ್ಲಿ ತನ್ನ ಕೈಯಲ್ಲೂ ಅದು ಅಷ್ಟೇ ಅತ್ತಿತ್ತೆಂಬುದು ಆ ಕ್ಷಣ ಅವಳಿಗೆ ನೆನಪಾಗಲಿಲ್ಲ. ನಿಂಬೆವ್ವ ತಲೆ ತಗ್ಗಿಸಿದಳು. ಅಜ್ಜನವರು ಕೂಸನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು.

"ಕೂಡ್ರಿ. ಅವಸರೇನೈತಿ" ಎಂದರು.

ಅವರು ಕುಳಿತರು. ಅಪ್ಪಣೆಯೂ ಇಲ್ಲ, ಬೇಡವೆಂಬ ಮಾತೂ ಇಲ್ಲ. ಅಜ್ಜನವರು ನೂಲು ಬಿಡಿಸುತ್ತಲೇ ಇದ್ದರು. ಹೊತ್ತು ನೆತ್ತಿಗೇರಿತು. ಊಟಕ್ಕೆಂದು ನೇಕಾರರು ಒಬ್ಬೊಬ್ಬರಾಗಿ ಎದ್ದರು. ಎಡಮನೆಯ ಮಗ್ಗ ನಿಂತಿತು, ಬಲಮನೆಯದು ನಿಂತಿತು, ಕೊನೆಗೆ ಎದುರುಮನೆಯದೂ ನಿಂತಿತು. ಕೂಸು ಮುಖ ಹಿಂಡಿತು, ಮೈ ಬಿಗಿ ಹಿಡಿಯಿತು, ಓಣಿಗೆ ಓಣಿಯೇ ಕೇಳುವಂತೆ ಅಳತೊಡಗಿತು. ದಾನವ್ವ ತಟ್ಟಿದಳು, ತೂಗಿದಳು, ಎದ್ದು ಅಡ್ಡಾಡಿದಳು. ಅವಳ ಕೈಗುಣ ಅದೆಲ್ಲಿಗೋ ಊಟಕ್ಕೆ ಹೋಗಿತ್ತು.

"ಅದರ ಅವ್ವನ ಕೈಯಾಗ ಕೊಡು" ಎಂದರು ಅಜ್ಜನವರು.

ನಿಂಬೆವ್ವ ಹೆದರುತ್ತಲೇ ತೆಗೆದುಕೊಂಡಳು. ಕೂಸು ಅವಳ ಕೈಯಲ್ಲೂ ಅತ್ತಿತು. ಅವಳ ಕಣ್ಣಿನಿಂದ ನೀರಿಳಿಯಿತು. "ನನ್ನ ಒಲ್ಲೆ ಅಂತೈತ್ರಿ ಯಪ್ಪಾ ಇದು. ಕಾಶವ್ವಕ್ಕ ಒಯ್ಯಲಿ, ಬದುಕಲಿ" ಎಂದಳು.

"ಅವರ ಊಟ ಮುಗೀಲಿ, ತಡಿ ಯವ್ವಾ."

ಯಾರ ಊಟ, ಏಕೆ ತಡೆಯಬೇಕು ಎಂಬುದು ಮೂವರಿಗೂ ತಿಳಿಯಲಿಲ್ಲ. ರಾಚಪ್ಪನಿಗೆ ಸಿಟ್ಟೂ ಬಂದಿತ್ತು. ಕೂಸು ಅಷ್ಟು ಅಳುತ್ತಿರುವಾಗ ನೂಲು ಬಿಡಿಸುತ್ತಾ ಕೂರುವುದು ಎಂಥ ವೈರಾಗ್ಯ ಎಂದು ಅನಿಸಿತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ.

ಅಷ್ಟರಲ್ಲಿ ಎದುರುಮನೆಯ ಮಗ್ಗ ಶುರುವಾಯಿತು. ನಂತರ ಬಲಮನೆಯದು, ಅದರ ಹಿಂದೆಯೇ ಎಡಮನೆಯದು. ಅಳು ಸಣ್ಣದಾಯಿತು, ತಡೆತಡೆದು ಬಂತು, ನಿಂತಿತು. ಕೂಸು ತಾಯಿಯ ಎದೆಗೆ ಕೆನ್ನೆಯಿಟ್ಟು ನಿದ್ದೆಹೋಯಿತು. ನಿಂಬೆವ್ವ ಅಲುಗಾಡಲಿಲ್ಲ. ಉಸಿರಾಡಿದರೆ ಎಲ್ಲಿ ಎದ್ದುಬಿಡುತ್ತದೋ ಎಂದು ಹಾಗೆಯೇ ಕುಳಿತಳು.

"ತಮ್ಮಾ, ನಿನ್ನ ಮಗ್ಗ ಯಾವಾಗ ನಿಂತೈತಿ?"

"ಕೂಸು ಹುಟ್ಟಿದ ದಿನಾನ್ರಿ ಅಜ್ಜಾರ" ಎಂದ ರಾಚಪ್ಪ. ಹೇಳುತ್ತಿದ್ದಂತೆ ಅವನಿಗೇ ಹೊಳೆಯಿತು.

ಅಜ್ಜನವರು ನಕ್ಕರು. "ಒಂಬತ್ತು ತಿಂಗಳು ಅವ್ವನ ಹೊಟ್ಟ್ಯಾಗ ಕೂತು ಆ ಸಪ್ಪಳಾ ಕೇಳೇತಿ. ಆ ಸಪ್ಪಳಾನ ಅದರ ಊರು. ಹುಟ್ಟಿದ ದಿನಾನ ಊರು ಬಿಡಿಸೀರಿ, ನಾಳಿಗಿ ಅವ್ವನ್ನೂ ಬಿಡಸ್ತೀರಿ. ಹೋಗು, ಮಗ್ಗ ಹೂಡು. ನೀ ಬಾಜೂಕ ಕೂತು ರಾಟಿ ತಿರುವು ಯವ್ವಾ."

ಗಂಡ ಹೆಂಡತಿ ಕೂಸಿನೊಂದಿಗೆ ಮನೆಗೆ ಹೊರಟರು. ಆ ದಿನ ಕೌದಿ ತೆಗೆದ ಮಗ್ಗ ದೀಪ ಹಚ್ಚುವವರೆಗೂ ನಡೆಯಿತು. ಆಮೇಲೆ ಕೂಸು ಅಳಲೇ ಇಲ್ಲ ಎಂದು ಕೆಲವು ಭಕ್ತರು ಹೇಳುವುದುಂಟು. ಅದು ಸುಳ್ಳು. ಎಲ್ಲ ಕೂಸುಗಳಂತೆ ಅತ್ತಿತು, ಎಲ್ಲ ಕೂಸುಗಳಂತೆ ಸುಮ್ಮನಾಯಿತು. ಅಜ್ಜನವರ ಹೆಸರಿಗೆ ಪವಾಡ ಹಚ್ಚುವ ಅಗತ್ಯವಿಲ್ಲ.

ದಾನವ್ವ ಮಾತ್ರ ಅವರೊಂದಿಗೆ ಹೋಗದೆ ಕಟ್ಟೆಯ ಕೆಳಗೆ ಕುಳಿತೇ ಇದ್ದಳು. ಕಾಶವ್ವನಿಗೆ ಏನು ಹೇಳಲೆಂದು ಚಿಂತಿಸುತ್ತಿರಬೇಕೆಂದು ಅಜ್ಜನವರು ತಿಳಿದರು. ಆದರೆ ಅವಳು ಎತ್ತಿದ ಮಾತು ಬೇರೆಯೇ.

"ಕಾಶವ್ವಗಿಂತ ಮೊದಲ ನನಗೊಂದು ಹೆಣ್ಣು ಹುಟ್ಟಿತ್ತ್ರಿ ಅಜ್ಜಾರ. ಮಗ್ಗ ಮುಚ್ಚಿದ್ರು. ಹಿಂಗ ಅಳತಿತ್ತು. ನಿನ್ನ ಕೈ ಚಲೋ ಇಲ್ಲ ಅಂತ ನಮ್ಮತ್ತಿ ಅದನ್ನ ನನ್ನ ನಾದಿನಿ ಮಡಿಲಿಗೆ ಹಾಕಿದ್ಳು. ಈಗ ಆ ಮಗಳಿಗೆ ಮೊಮ್ಮಕ್ಕಳದಾವ. ಬಂದಾಗೊಮ್ಮೆ ನನಗ ಅತ್ತಿ ಅಂತ ಕರೀತಾಳ."

ಅಜ್ಜನವರು ನೂಲನ್ನು ಕೆಳಗಿಟ್ಟರು.

"ಹಂಗಾದ್ರ," ಎಂದಳು ದಾನವ್ವ, "ನನ್ನ ಕೈನೂ ಚಲೋನ ಇದ್ವೇನ್ರಿ?"

"ಚಲೋನ ಇದ್ವು, ತಾಯಿ" ಎಂದರು ಅಜ್ಜನವರು.

ಅವರು ಶಿಷ್ಯರನ್ನು ತಮ್ಮಾ ಎನ್ನುತ್ತಿದ್ದರು, ಹೆಣ್ಣುಮಕ್ಕಳನ್ನು ಯವ್ವಾ ಎನ್ನುತ್ತಿದ್ದರು. ತಾಯಿ ಎಂದು ಒಬ್ಬರನ್ನು ಕರೆದದ್ದನ್ನು ಓಣಿಯವರು ಕೇಳಿದ್ದು ಆ ಒಂದೇ ಸಲ. ದಾನವ್ವ ಅಲ್ಲಿಯೇ ಕುಳಿತು ಮನಸಾರೆ ಅತ್ತಳು. ಅಜ್ಜನವರು ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ.